ತಬ್ಬಲಿಗಳ ಮನೆಗೆ ಬಂದವರು, ಉಳಿದವರು

ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯಲ್ಲಿ ‘ನ್ಯುಂಬಾ’ ಎಂದರೆ ಮನೆ. ಅದರ ಬಾಲಕ್ಕೆ ‘ನಿ’ ಅಂಟಿಸಿದರೆ ‘ನ್ಯುಂಬಾನಿ’, ಅಂದರೆ ಮನೆಯಲ್ಲಿ. ನಮ್ಮ ಸಪ್ತಮಿ ವಿಭಕ್ತಿಯ ಹಾಗೆ. ಕೆನ್ಯಾದ ರಾಜಧಾನಿ ನೈರೋಬಿಯ ಹೊರವಲಯದಲ್ಲಿ 1992ರಲ್ಲಿ ಆರಂಭವಾದ ಒಂದು ಮಕ್ಕಳ ಮನೆಗೆ ಈ ಹೆಸರನ್ನು ಇಟ್ಟರು. ಹೆಸರು ಸಾಧಾರಣ. ಆದರೆ ಅಲ್ಲಿಗೆ ಬಂದ ಮಕ್ಕಳ ಮಟ್ಟಿಗೆ ಅದು ಸಾಧಾರಣವಾಗಿರಲಿಲ್ಲ. ಹೆತ್ತವರು ಏಡ್ಸ್‌ನಿಂದ ಸತ್ತಿದ್ದರು, ಇಲ್ಲವೇ ಮಗುವನ್ನು ಆಸ್ಪತ್ರೆಯಲ್ಲೇ ಬಿಟ್ಟು ಹೋಗಿದ್ದರು. ರಕ್ತಪರೀಕ್ಷೆಯಲ್ಲಿ ಎಚ್‌ಐವಿ ಕಂಡುಬಂದ ಮಗುವನ್ನು ಊರಿನ ಅನಾಥಾಲಯಗಳೂ ಸೇರಿಸಿಕೊಳ್ಳುತ್ತಿರಲಿಲ್ಲ. ಅನಾಥರಿಗೆಂದೇ ಇರುವ ಮನೆಯ ಬಾಗಿಲೂ ಮುಚ್ಚಿದ ಮೇಲೆ ಮಗುವಿಗೆ ಉಳಿಯುವುದು ಬೀದಿ ಅಥವಾ ಆಸ್ಪತ್ರೆಯ ಮೂಲೆ.

ನ್ಯುಂಬಾನಿಯನ್ನು ಕಟ್ಟಿದವರು ಏಂಜೆಲೊ ಡ್ಯಾಗೊಸ್ಟಿನೊ ಎಂಬ ಅಮೆರಿಕದ ಪಾದ್ರಿ. 1926ರಲ್ಲಿ ಹುಟ್ಟಿದ ಇವರು ಮೊದಲು ಶಸ್ತ್ರವೈದ್ಯರು, ಆಮೇಲೆ ಯೇಸುಸಭೆ ಸೇರಿ ಪಾದ್ರಿ, ಜೊತೆಗೆ ಮನೋವೈದ್ಯರು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜನ್ನು ಕಟ್ಟಿದ ಜೆಸ್ವಿಟರ ಸಭೆಯೇ ಇದು. 1980ರ ದಶಕದಲ್ಲಿ ಅವರು ನಿರಾಶ್ರಿತರ ಸೇವೆಗೆಂದು ಆಫ್ರಿಕಾಕ್ಕೆ ಬಂದರು. ಕೆನ್ಯಾದವರು ಅವರನ್ನು ಚುಟುಕಾಗಿ ‘ಫಾದರ್ ಡ್ಯಾಗ್’ ಎಂದರು. ಅವರ ಜೊತೆಗೆ ನಿಂತವರು ಐರ್ಲೆಂಡಿನ ಸಿಸ್ಟರ್ ಮೇರಿ ಓವೆನ್ಸ್. ಮದರ್ ತೆರೇಸಾ ತಮ್ಮದೇ ಸಂಸ್ಥೆ ಸ್ಥಾಪಿಸುವ ಮೊದಲು ಇದ್ದ ಲೊರೆಟೊ ಸಭೆಯ ಸನ್ಯಾಸಿನಿ ಈಕೆ. ಆರಂಭದಲ್ಲಿದ್ದದ್ದು ಒಂದು ಬಾಡಿಗೆ ಮನೆ, ಬೆರಳೆಣಿಕೆಯ ಮಕ್ಕಳು. ಮುಂದೆ ಸಂಖ್ಯೆ ನೂರರ ಆಸುಪಾಸಿಗೆ ಬೆಳೆಯಿತು.

ಆಫ್ರಿಕಾದ ಏಡ್ಸ್ ತಬ್ಬಲಿಗಳ ನಡುವೆ ಕ್ರೈಸ್ತ ಮಿಷನ್ನುಗಳು ಏನು ಮಾಡಿದವು ಎಂಬ ಪ್ರಶ್ನೆಗೆ ಎರಡು ಬಗೆಯ ಸಿದ್ಧ ಉತ್ತರಗಳಿವೆ. ಒಂದು, ಕರುಣೆಯ ಕಥೆ. ಇನ್ನೊಂದು, ಮತಾಂತರದ ಕಥೆ. ಎರಡೂ ಬಲು ಬೇಗ ಮುಗಿದುಹೋಗುತ್ತವೆ. ನ್ಯುಂಬಾನಿಯ ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡಿದರೆ ಬೇರೆಯೇ ಒಂದು ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಅದು ಬಂದು ಹೋದವರಿಗೂ ಬಂದು ಉಳಿದವರಿಗೂ ನಡುವಿನ ವ್ಯತ್ಯಾಸ.

ತಾಯಿಯ ರಕ್ತದ ಗುರುತು

ಮೊದಲಿಗೆ ಒಂದು ವೈದ್ಯಕೀಯ ಸಂಗತಿಯನ್ನು ತಿಳಿದುಕೊಳ್ಳಬೇಕು. ನ್ಯುಂಬಾನಿ ಹುಟ್ಟಿದ ಕಾಲದಲ್ಲಿ ಇದನ್ನು ತಿಳಿಯದೆಯೇ ಅನೇಕ ಮಕ್ಕಳ ಹಣೆಬರಹ ಬರೆದಾಗಿತ್ತು.

ಎಚ್‌ಐವಿಗೆ ಸಾಮಾನ್ಯವಾಗಿ ಮಾಡುತ್ತಿದ್ದ ರಕ್ತಪರೀಕ್ಷೆ ವೈರಸ್ಸನ್ನು ನೇರವಾಗಿ ಹುಡುಕುವುದಿಲ್ಲ. ವೈರಸ್ಸಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು ಹುಡುಕುತ್ತದೆ. ಗರ್ಭದಲ್ಲಿರುವ ಮಗುವಿಗೆ ತಾಯಿಯ ಪ್ರತಿಕಾಯಗಳು ಹರಿದು ಬರುತ್ತವೆ. ಇದು ಪ್ರಕೃತಿಯ ಒಳ್ಳೆಯ ಏರ್ಪಾಡೇ. ಹುಟ್ಟಿದ ಕೂಸಿಗೆ ತನ್ನದೇ ರಕ್ಷಣೆ ಬೆಳೆಯುವ ತನಕ ತಾಯಿಯದು ಕಾಯುತ್ತದೆ. ಆದರೆ ಎಚ್‌ಐವಿ ಇರುವ ತಾಯಿಯ ಮಗು, ವೈರಸ್ ತಗುಲಿರಲಿ ಬಿಡಲಿ, ತಾಯಿಯ ಪ್ರತಿಕಾಯಗಳನ್ನು ಹೊತ್ತೇ ಹುಟ್ಟುತ್ತದೆ. ಅವು ಕರಗಿ ಹೋಗಲು ಸುಮಾರು 18 ತಿಂಗಳು ಬೇಕು. ಅಲ್ಲಿಯವರೆಗೆ ಆ ಪರೀಕ್ಷೆ ‘ಪಾಸಿಟಿವ್’ ಎಂದೇ ಹೇಳುತ್ತದೆ. ಅದು ಹೇಳುತ್ತಿರುವುದು ತಾಯಿಯ ಸುದ್ದಿ, ಮಗುವಿನದಲ್ಲ.

ಯಾವ ಔಷಧಿಯೂ ಇಲ್ಲದಿದ್ದ ಕಾಲದಲ್ಲಿ ಸಹ ಸೋಂಕಿತ ತಾಯಂದಿರಿಗೆ ಹುಟ್ಟಿದ ಮಕ್ಕಳಲ್ಲಿ ನಿಜವಾಗಿ ವೈರಸ್ ಅಂಟಿಕೊಳ್ಳುತ್ತಿದ್ದುದು ನೂರಕ್ಕೆ 15ರಿಂದ 45 ಮಕ್ಕಳಿಗೆ. ಅರ್ಧಕ್ಕಿಂತ ಹೆಚ್ಚಿನವರು ಸೋಂಕಿಲ್ಲದ ಮಕ್ಕಳು. ಆದರೂ ಮೊದಲ ತಿಂಗಳ ಪರೀಕ್ಷೆಯ ಚೀಟಿ ನೋಡಿ ಅವರನ್ನು ಬಿಟ್ಟು ಹೋಗುತ್ತಿದ್ದರು. ಎಲ್ಲರೂ ಕೈಬಿಟ್ಟ ಕೂಸುಗಳನ್ನು ಎತ್ತಿಕೊಂಡು, ಹಾಲು ಕುಡಿಸಿ, ಒಂದೂವರೆ ವರ್ಷ ಕಾದು, ಮತ್ತೊಮ್ಮೆ ಪರೀಕ್ಷೆ ಮಾಡಿಸುವುದು ನ್ಯುಂಬಾನಿಯ ಮೊದಲ ಕೆಲಸವಾಯಿತು. ಹಲವು ಮಕ್ಕಳ ಚೀಟಿ ಬದಲಾಯಿತು. ಸೋಂಕಿಲ್ಲವೆಂದು ಖಚಿತವಾದ ಮಕ್ಕಳನ್ನು ದತ್ತು ಕೊಡಲು, ಬೇರೆ ಮನೆಗಳಿಗೆ ಸೇರಿಸಲು ದಾರಿಯಾಯಿತು. ಬರಿಯ ಕಾಯುವಿಕೆಯಿಂದ ಇಷ್ಟು ಮಕ್ಕಳು ಉಳಿದರು ಎಂಬುದನ್ನು ಓದುವಾಗ ಒಂದು ಕ್ಷಣ ನಂಬಿಕೆ ಬರುವುದಿಲ್ಲ.

ಉಳಿದವರ ಮಾತು ಬೇರೆ. ನಿಜವಾಗಿ ವೈರಸ್ ಇದ್ದ ಮಕ್ಕಳಿಗೆ ಆ ದಿನಗಳಲ್ಲಿ ಕೊಡಬಹುದಾಗಿದ್ದದ್ದು ಒಳ್ಳೆಯ ಊಟ, ಶುದ್ಧ ನೀರು, ಕೆಮ್ಮು ಭೇದಿಗಳಿಗೆ ತಕ್ಷಣ ಮದ್ದು, ಮಲಗಲು ಒಂದು ಹಾಸಿಗೆ. ಇವುಗಳಿಂದ ಕೆಲವರು ನಿರೀಕ್ಷೆಗಿಂತ ಹೆಚ್ಚು ವರ್ಷ ಬದುಕಿದರು. ಕೊನೆಗೆ ಸತ್ತರು. ಆ ವರ್ಷಗಳಲ್ಲಿ ನ್ಯುಂಬಾನಿ ಬಹುಪಾಲು ಮಕ್ಕಳು ನೆಮ್ಮದಿಯಿಂದ ಸಾಯುವುದಕ್ಕೆಂದು ಇದ್ದ ಜಾಗ. ಈ ಮಾತನ್ನು ಮೃದುಗೊಳಿಸಿ ಹೇಳುವ ಅಗತ್ಯವಿಲ್ಲ.

ಬಾಸೆಲ್‌ನಿಂದ ಮೊಂಬಾಸಕ್ಕೆ

ಕೆನ್ಯಾದ ಆಸ್ಪತ್ರೆ, ಶಾಲೆ, ಅನಾಥಾಲಯಗಳಲ್ಲಿ ಚರ್ಚುಗಳ ಕೈ ಇಷ್ಟು ಉದ್ದವಾಗಿರುವುದಕ್ಕೆ ಹಳೆಯ ಕಾರಣವಿದೆ. 1844ರಲ್ಲಿ ಮೊಂಬಾಸ ಬಂದರಿಗೆ ಬಂದಿಳಿದ ಯೋಹಾನ್ ಲುಡ್ವಿಗ್ ಕ್ರಾಫ್ ಅಲ್ಲಿನ ಮೊದಲ ಪ್ರಾಟೆಸ್ಟಂಟ್ ಮಿಷನರಿ. ಬಂದ ಕೆಲವೇ ತಿಂಗಳಲ್ಲಿ ಹೆಂಡತಿಯನ್ನೂ ಆಗಷ್ಟೇ ಹುಟ್ಟಿದ ಮಗಳನ್ನೂ ಜ್ವರಕ್ಕೆ ಕಳೆದುಕೊಂಡರು. ಕೆಲಸ ಮಾಡಿದ್ದು ಇಂಗ್ಲೆಂಡಿನ ಚರ್ಚ್ ಮಿಷನರಿ ಸೊಸೈಟಿಗಾದರೂ ಅವರು ಓದಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಶಾಲೆಯಲ್ಲಿ. ಕನ್ನಡಿಗರಿಗೆ ಆ ಊರಿನ ಪರಿಚಯ ಹೇಳಬೇಕಾಗಿಲ್ಲ. ಮಂಗಳೂರಿಗೆ ಮೋಗ್ಲಿಂಗ್ ಬಂದದ್ದು, ಧಾರವಾಡಕ್ಕೆ ಕಿಟೆಲ್ ಬಂದದ್ದು ಅದೇ ಬಾಗಿಲಿನಿಂದ. ಕ್ರಾಫ್ ಅವರ ಸ್ವಾಹಿಲಿ ನಿಘಂಟು 1882ರಲ್ಲಿ ಅಚ್ಚಾಯಿತು. ಕಿಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ. ಹೋದ ಊರಿನ ಮಾತನ್ನು ಕಲಿಯಲು ದಶಕಗಳನ್ನು ಕೊಟ್ಟ ತಲೆಮಾರು ಅದು. ಅವರ ಉದ್ದೇಶದ ಬಗ್ಗೆ ಎಷ್ಟಾದರೂ ಜಗಳವಾಡಬಹುದು, ತಾಳ್ಮೆಯ ಬಗ್ಗೆ ಸಾಧ್ಯವಿಲ್ಲ.

ಹಾಗೆಂದು ಏಡ್ಸ್ ಬಂದಾಗ ಚರ್ಚುಗಳು ಎಲ್ಲಕ್ಕಿಂತ ಮುಂದೆ ನಿಂತವು ಎಂದರೆ ಸುಳ್ಳಾಗುತ್ತದೆ. ರೋಗವನ್ನು ಪಾಪದ ಫಲವೆಂದು ಬೋಧಿಸಿದ ಬೋಧಕರಿಗೆ ಕೊರತೆ ಇರಲಿಲ್ಲ. 1990ರ ದಶಕದ ಮಧ್ಯದಲ್ಲಿ ನೈರೋಬಿಯ ಕಾರ್ಡಿನಲ್ ಮಾರಿಸ್ ಒಟುಂಗಾ ಅವರೇ ಬಹಿರಂಗವಾಗಿ ಕಾಂಡೋಮುಗಳಿಗೂ ಸುರಕ್ಷಿತ ಲೈಂಗಿಕತೆಯ ಕರಪತ್ರಗಳಿಗೂ ಬೆಂಕಿಯಿಟ್ಟರು. ಅದೇ ನಗರದಲ್ಲಿ, ಅದೇ ಕ್ಯಾಥೊಲಿಕ್ ಸಭೆಯ ಇನ್ನೊಬ್ಬ ಪಾದ್ರಿ ಏಡ್ಸ್ ಮಕ್ಕಳನ್ನು ಸಾಕುತ್ತಿದ್ದರು. ಸರ್ಕಾರವೂ ಚುರುಕಾಗಿರಲಿಲ್ಲ. ಸುಮಾರು ಹತ್ತು ವಯಸ್ಕರಲ್ಲಿ ಒಬ್ಬರಿಗೆ ಸೋಂಕು ತಗುಲಿದ್ದ ದೇಶದಲ್ಲಿ ಅಧ್ಯಕ್ಷ ಡೇನಿಯಲ್ ಅರಪ್ ಮೊಯ್ ಏಡ್ಸ್ ಅನ್ನು ರಾಷ್ಟ್ರೀಯ ವಿಪತ್ತು ಎಂದು ಘೋಷಿಸಿದ್ದು 1999ರ ನವೆಂಬರಿನಲ್ಲಿ.

ಮುಂಬೈಯ ಮಾತ್ರೆ

ಶ್ರೀಮಂತ ದೇಶಗಳಲ್ಲಿ 1996ರಿಂದ ಏಡ್ಸ್ ಸಾವುಗಳು ಇಳಿಯತೊಡಗಿದ್ದವು. ಮೂರು ಔಷಧಿಗಳನ್ನು ಒಟ್ಟಿಗೆ ಕೊಟ್ಟರೆ ವೈರಸ್ ಹತೋಟಿಗೆ ಬರುತ್ತದೆ ಎಂಬುದು ಆ ವರ್ಷ ಸಿದ್ಧವಾಯಿತು. ಒಬ್ಬ ರೋಗಿಯ ಒಂದು ವರ್ಷದ ಔಷಧಿಗೆ 10 ಸಾವಿರದಿಂದ 15 ಸಾವಿರ ಡಾಲರ್. ನೈರೋಬಿಯ ಅನಾಥಾಲಯಕ್ಕೆ ಆ ಲೆಕ್ಕ ಚಂದ್ರಲೋಕದ್ದು.

2001ರ ಫೆಬ್ರುವರಿಯಲ್ಲಿ ಮುಂಬೈಯ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಅದೇ ಮೂರು ಔಷಧಿಗಳ ಮಿಶ್ರಣವನ್ನು ವರ್ಷಕ್ಕೆ 350 ಡಾಲರಿಗೆ ಕೊಡುತ್ತೇನೆಂದು ‘ಗಡಿಯಿಲ್ಲದ ವೈದ್ಯರು’ ಸಂಸ್ಥೆಗೆ ಮಾತು ಕೊಟ್ಟರು. ದಿನಕ್ಕೆ ಒಂದು ಡಾಲರಿಗಿಂತ ಕಡಿಮೆ. ಇದು ಸಾಧ್ಯವಾದದ್ದು ಭಾರತದ 1970ರ ಪೇಟೆಂಟ್ ಕಾಯ್ದೆಯಿಂದ. ಆ ಕಾಯ್ದೆಯಲ್ಲಿ ಔಷಧಿಯ ವಸ್ತುವಿಗೆ ಪೇಟೆಂಟ್ ಇರಲಿಲ್ಲ, ತಯಾರಿಸುವ ವಿಧಾನಕ್ಕೆ ಮಾತ್ರ ಇತ್ತು. ಬೇರೆ ವಿಧಾನದಲ್ಲಿ ಅದೇ ಔಷಧಿಯನ್ನು ಮಾಡಿದರೆ ಇಲ್ಲಿ ಅಪರಾಧವಲ್ಲ. ಆದರೆ ಆ ಔಷಧಿಯನ್ನು ತರಿಸಿಕೊಳ್ಳುವ ದೇಶದ ಕಾನೂನು ಬೇರೆಯಿದ್ದರೆ ಅಲ್ಲಿ ಅದು ಅಪರಾಧ. ಕೆನ್ಯಾದ ಕಾನೂನು ಬೇರೆಯಿತ್ತು.

ಫಾದರ್ ಡ್ಯಾಗ್ ಕಾಯಲಿಲ್ಲ. ಸಿಪ್ಲಾದಿಂದ ಔಷಧಿ ತರಿಸುತ್ತೇನೆ, ಪೇಟೆಂಟ್ ಉಲ್ಲಂಘನೆ ಎಂದರೆ ಅನ್ನಲಿ ಎಂಬ ಧಾಟಿಯಲ್ಲಿ ಆ ಫೆಬ್ರುವರಿಯಲ್ಲೇ ಬಹಿರಂಗವಾಗಿ ಸಾರಿದರು. ಎಪ್ಪತ್ತೈದು ವರ್ಷದ ಪಾದ್ರಿಯೊಬ್ಬರು ತಬ್ಬಲಿ ಮಕ್ಕಳ ಪರವಾಗಿ ಕಾನೂನು ಮುರಿಯುತ್ತೇನೆಂದರೆ ಯಾವ ಕಂಪನಿ ತಾನೇ ಅವರನ್ನು ಕೋರ್ಟಿಗೆ ಎಳೆದೀತು? ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದಲ್ಲಿ 39 ಔಷಧಿ ಕಂಪನಿಗಳು ಅಲ್ಲಿನ ಸರ್ಕಾರದ ಮೇಲೆ ಹೂಡಿದ್ದ ದಾವೆಗೆ ಲೋಕವೆಲ್ಲ ಛೀಮಾರಿ ಹಾಕುತ್ತಿತ್ತು. ಏಪ್ರಿಲ್‌ನಲ್ಲಿ ಅವು ದಾವೆಯನ್ನು ಹಿಂದಕ್ಕೆ ಪಡೆದವು. ಜೂನ್‌ನಲ್ಲಿ ಕೆನ್ಯಾದ ಸಂಸತ್ತು ಅಗ್ಗದ ಔಷಧಿಗಳ ಆಮದಿಗೆ ಅವಕಾಶ ಕೊಡುವ ಹೊಸ ಕಾಯ್ದೆಯನ್ನು ಅಂಗೀಕರಿಸಿತು.

ಔಷಧಿ ಬಂದರೂ ಮಕ್ಕಳಿಗೆ ಕೊಡುವುದು ಸುಲಭವಿರಲಿಲ್ಲ. ಮಾತ್ರೆಗಳಿದ್ದದ್ದು ದೊಡ್ಡವರ ಅಳತೆಗೆ. ಅವನ್ನು ಮುರಿದು, ಪುಡಿಮಾಡಿ, ತೂಕಕ್ಕೆ ತಕ್ಕಂತೆ ಅಂದಾಜಿನಲ್ಲಿ ಕೊಡಬೇಕಿತ್ತು. ಮಕ್ಕಳ ಸಿರಪ್ಪುಗಳು ದುಬಾರಿ, ಕಹಿ, ಕೆಲವನ್ನು ತಣ್ಣಗೆ ಇಡಬೇಕು. ಶ್ರೀಮಂತ ದೇಶಗಳಲ್ಲಿ ಎಚ್‌ಐವಿಯೊಂದಿಗೆ ಹುಟ್ಟುವ ಮಕ್ಕಳೇ ಅಪರೂಪವಾದ್ದರಿಂದ ಮಕ್ಕಳ ಮಾತ್ರೆ ಮಾಡುವುದರಲ್ಲಿ ಯಾರಿಗೂ ಲಾಭವಿರಲಿಲ್ಲ. ಸಿಪ್ಲಾದ ಮೂರರಲ್ಲೊಂದು ಮಕ್ಕಳ ಮಾತ್ರೆಗೆ ಅಮೆರಿಕದ ಔಷಧಿ ನಿಯಂತ್ರಕರ ತಾತ್ಕಾಲಿಕ ಒಪ್ಪಿಗೆ ಸಿಕ್ಕಿದ್ದು 2007ರಲ್ಲಿ. ಸ್ಟ್ರಾಬೆರಿ ರುಚಿಯ, ನೀರಿನಲ್ಲಿ ಕರಗುವ ಡೋಲುಟೆಗ್ರಾವಿರ್ ಮಾತ್ರೆ ಅಗ್ಗದ ದರದಲ್ಲಿ ಸಿದ್ಧವಾದದ್ದು 2020ರಲ್ಲಿ. ಸಿಪ್ಲಾದ ಹಿಂದೆಯೇ ಹೈದರಾಬಾದಿನ, ನಮ್ಮ ಬೆಂಗಳೂರಿನ ಕಂಪನಿಗಳೂ ಈ ಔಷಧಿಗಳ ತಯಾರಿಕೆಗೆ ಇಳಿದವು. ಆಫ್ರಿಕಾದಲ್ಲಿ ಏಡ್ಸ್ ರೋಗಿಗಳು ನುಂಗಿದ ಮಾತ್ರೆಗಳಲ್ಲಿ ಬಹುಪಾಲು ಭಾರತದ ಕಾರ್ಖಾನೆಗಳಲ್ಲಿ ತಯಾರಾದವು ಎಂಬುದು ಇಲ್ಲಿನ ಎಷ್ಟೋ ಜನಕ್ಕೆ ಇಂದಿಗೂ ಗೊತ್ತಿಲ್ಲ.

ಶಾಲೆಯ ಬಾಗಿಲು

ಸಾಯುವುದಕ್ಕೆಂದು ಬಂದ ಮಕ್ಕಳು ಬದುಕಿಕೊಂಡರು. ಬದುಕಿಕೊಂಡ ಮಕ್ಕಳು ಶಾಲೆಗೆ ಹೋಗಬೇಕು. 2003ರ ಜನವರಿಯಲ್ಲಿ ಕೆನ್ಯಾದ ಹೊಸ ಸರ್ಕಾರ ಪ್ರಾಥಮಿಕ ಶಿಕ್ಷಣ ಎಲ್ಲರಿಗೂ ಉಚಿತ ಎಂದು ಘೋಷಿಸಿತ್ತು. ಆದರೆ ನ್ಯುಂಬಾನಿಯ ಮಕ್ಕಳನ್ನು ನೈರೋಬಿಯ ಸರ್ಕಾರಿ ಶಾಲೆಗಳು ಸೇರಿಸಿಕೊಳ್ಳಲಿಲ್ಲ. ಜಾಗವಿಲ್ಲ ಎಂಬುದು ಶಾಲೆಗಳ ಸಬೂಬು. ಸೋಂಕಿನ ಭಯವೇ ಕಾರಣವೆಂಬುದು ನ್ಯುಂಬಾನಿಯ ಆರೋಪ.

ಸಂಸ್ಥೆ ಹೈಕೋರ್ಟಿಗೆ ಹೋಯಿತು. 2004ರ ಜನವರಿಯಲ್ಲಿ ರಾಜಿಯಾಗಿ, ಮಕ್ಕಳನ್ನು ಸೇರಿಸಿಕೊಳ್ಳಲು ಅಧಿಕಾರಿಗಳು ಒಪ್ಪಿದರು. ಮಿಷನ್ ಸಂಸ್ಥೆಯೊಂದು ತನ್ನದೇ ಶಾಲೆ ಕಟ್ಟಿ ಕೈತೊಳೆದುಕೊಳ್ಳುವುದು ಸುಲಭವಿತ್ತು. ಸರ್ಕಾರಿ ಶಾಲೆಯ ಬೆಂಚೇ ಬೇಕು, ಅದು ಈ ಮಕ್ಕಳ ಹಕ್ಕು ಎಂದು ಹಟ ಹಿಡಿದದ್ದು ಮಾತ್ರೆ ತರಿಸಿದ್ದಕ್ಕಿಂತ ಸಣ್ಣ ಕೆಲಸವೇನಲ್ಲ ಎಂದು ನನಗನ್ನಿಸುತ್ತದೆ. ಪಾಪ ಪುಣ್ಯದ ಭಾಷೆಯನ್ನು ಬಿಟ್ಟು ಹಕ್ಕಿನ ಭಾಷೆಯನ್ನು ಹಿಡಿದದ್ದು ಅಲ್ಲಿ ಕಾಣುತ್ತದೆ.

ಎರಡು ವಾರದ ಅತಿಥಿಗಳು

ಇಲ್ಲಿಯವರೆಗೆ ಹೇಳಿದ್ದು ಉಳಿದವರ ಕಥೆ. ಬಂದು ಹೋದವರದು ಇನ್ನೊಂದು.

ಅಮೆರಿಕದ ಇವಾಂಜೆಲಿಕಲ್ ಚರ್ಚುಗಳು ಏಡ್ಸ್ ಕಡೆಗೆ ತಿರುಗಿ ನೋಡಿದ್ದು ತಡವಾಗಿ. 2002ರ ಫೆಬ್ರುವರಿಯಲ್ಲಿ ಪ್ರಸಿದ್ಧ ಬೋಧಕ ಬಿಲ್ಲಿ ಗ್ರಹಾಂ ಅವರ ಮಗ ಫ್ರಾಂಕ್ಲಿನ್ ಗ್ರಹಾಂ ವಾಷಿಂಗ್ಟನ್ನಿನಲ್ಲಿ ಚರ್ಚು ನಾಯಕರ ಒಂದು ದೊಡ್ಡ ಏಡ್ಸ್ ಸಮ್ಮೇಳನ ನಡೆಸಿದರು. ವರ್ಷಗಟ್ಟಲೆ ಏಡ್ಸ್ ನೆರವನ್ನು ವಿರೋಧಿಸಿದ್ದ ಸೆನೆಟರ್ ಜೆಸ್ಸಿ ಹೆಲ್ಮ್ಸ್, ಇಷ್ಟು ದಿನ ಏನೂ ಮಾಡದಿದ್ದುದಕ್ಕೆ ನಾಚಿಕೆಯಾಗುತ್ತಿದೆ ಎಂದು ಹೇಳಿದ್ದು ಅಲ್ಲಿಯೇ. ಮರುವರ್ಷ ಜನವರಿ 28ರಂದು ಅಧ್ಯಕ್ಷ ಜಾರ್ಜ್ ಬುಷ್ ಐದು ವರ್ಷಕ್ಕೆ 1,500 ಕೋಟಿ ಡಾಲರಿನ ‘ಪೆಪ್‌ಫಾರ್’ ಯೋಜನೆ ಪ್ರಕಟಿಸಿದರು. ಔಷಧಿಯ ಬೆಲೆ ವರ್ಷಕ್ಕೆ 12 ಸಾವಿರ ಡಾಲರಿನಿಂದ 300 ಡಾಲರಿಗಿಂತ ಕೆಳಗೆ ಬಿದ್ದಿದೆ ಎಂದು ಆ ಭಾಷಣದಲ್ಲಿ ಹೇಳಿದರು. ಬೀಳಿಸಿದವರು ಯಾರೆಂದು ಹೇಳಲಿಲ್ಲ. ಯೋಜನೆಯ ಹಣದಲ್ಲಿ ನೂರಕ್ಕೆ ಹತ್ತು ಭಾಗ ತಬ್ಬಲಿಗಳು ಮತ್ತು ಅಪಾಯದಲ್ಲಿರುವ ಮಕ್ಕಳಿಗೆ ಮೀಸಲಾಯಿತು.

ಇದರ ಜೊತೆಗೇ ‘ಮಿಷನ್ ಟ್ರಿಪ್’ ಎಂಬುದೂ ಬೆಳೆಯಿತು. ಬೇಸಿಗೆ ರಜೆಯಲ್ಲಿ ಚರ್ಚಿನ ಹತ್ತಿಪ್ಪತ್ತು ಹುಡುಗ ಹುಡುಗಿಯರು, ಒಬ್ಬಿಬ್ಬರು ಹಿರಿಯರು, ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು. ನೆಂಟರಿಷ್ಟರಿಗೆ ಪತ್ರ ಬರೆದು, ಕಾರು ತೊಳೆದು, ಕೇಕು ಮಾರಿ ಕೂಡಿಸಿದ ದುಡ್ಡು. ಪೆಟ್ಟಿಗೆ ತುಂಬ ಬಣ್ಣದ ಪೆನ್ಸಿಲ್, ಆಟಿಕೆ, ಮಾತ್ರೆ. ಎರಡು ವಾರ ಅನಾಥಾಲಯದಲ್ಲಿ ಗೋಡೆಗೆ ಬಣ್ಣ ಬಳಿಯುವುದು, ಮಕ್ಕಳೊಂದಿಗೆ ಫುಟ್‌ಬಾಲ್, ಬೈಬಲ್ ಕಥೆ, ಹಾಡು. ಕೊನೆಗೆ ಎರಡು ದಿನ ಮಸಾಯಿ ಮಾರಾದಲ್ಲಿ ಸಿಂಹ ನೋಡುವುದು. 2005ರ ಸುಮಾರಿನ ಸಮೀಕ್ಷೆಯ ಆಧಾರದಲ್ಲಿ ಪ್ರಿನ್ಸ್‌ಟನ್ನಿನ ಸಮಾಜಶಾಸ್ತ್ರಜ್ಞ ರಾಬರ್ಟ್ ವುತ್ನೋ ಹಾಕಿದ ಅಂದಾಜಿನಂತೆ ವರ್ಷಕ್ಕೆ 16 ಲಕ್ಷ ಅಮೆರಿಕನ್ನರು ಹೀಗೆ ಹೊರದೇಶಗಳಿಗೆ ಹೋಗುತ್ತಿದ್ದರು. ಎಲ್ಲರೂ ಆಫ್ರಿಕಾಕ್ಕಲ್ಲ, ಎಲ್ಲರೂ ಅನಾಥಾಲಯಕ್ಕಲ್ಲ. ಆದರೂ ಇಂಗ್ಲಿಷ್ ನಡೆಯುವ, ವಿಮಾನ ಸುಲಭವಾಗಿ ಸಿಗುವ ಕೆನ್ಯಾ, ಉಗಾಂಡ, ದಕ್ಷಿಣ ಆಫ್ರಿಕಾಗಳ ಪಾಲಿಗೆ ಸಾಕಷ್ಟು ಬಂದರು.

ಇವರನ್ನು ನೋಡಿ ನಗುವುದು ಸುಲಭ. ಬಂದ ಹುಡುಗರಲ್ಲಿ ಹೆಚ್ಚಿನವರ ಮನಸ್ಸು ಒಳ್ಳೆಯದೇ. ಹಿಂತಿರುಗಿದ ಮೇಲೆ ತಿಂಗಳು ತಿಂಗಳು ಹಣ ಕಳುಹಿಸಿದವರಿದ್ದಾರೆ. ತಮ್ಮ ಊರಿನ ಸಂಸದನಿಗೆ ಕಾಗದ ಬರೆದವರಿದ್ದಾರೆ. ಪೆಪ್‌ಫಾರ್‌ಗೆ ಸಂಪ್ರದಾಯವಾದಿಗಳ ಮತ ಸಿಕ್ಕಿದ್ದರಲ್ಲಿ ಇಂಥ ಕಾಗದಗಳ ಪಾಲೂ ಇರಬೇಕು. ನ್ಯುಂಬಾನಿ ಕೂಡ ಸ್ವಯಂಸೇವಕರನ್ನು ಬರಮಾಡಿಕೊಂಡಿದೆ, ಅಮೆರಿಕದ ದಾನಿಗಳ ಹಣದಿಂದ ನಡೆದಿದೆ.

ಆದರೆ ಲೆಕ್ಕ ಬೇರೆ ಹೇಳುತ್ತದೆ. ಆಫ್ರಿಕಾದ್ದಲ್ಲವಾದರೂ ಇಲ್ಲಿಗೆ ಒಪ್ಪುವ ಒಂದು ಅಧ್ಯಯನವಿದೆ. 1998ರ ಮಿಚ್ ಚಂಡಮಾರುತದ ನಂತರ ಮಧ್ಯ ಅಮೆರಿಕದ ಹೊಂಡುರಾಸಿನಲ್ಲಿ ಮನೆ ಕಟ್ಟಿದ ಮಿಷನ್ ತಂಡಗಳನ್ನು ಕರ್ಟ್ ವೆರ್ ಬೀಕ್ ಎಂಬ ಸಮಾಜಶಾಸ್ತ್ರಜ್ಞರು ಅಭ್ಯಸಿಸಿದರು. ತಾವೂ ಕ್ರೈಸ್ತ ಕಾಲೇಜೊಂದರ ಅಧ್ಯಾಪಕರೇ. ವಿಮಾನದ ಖರ್ಚು ಸೇರಿ ತಂಡದವರು ಕಟ್ಟಿದ ಒಂದು ಮನೆಗೆ ಸುಮಾರು 30 ಸಾವಿರ ಡಾಲರ್ ತಗುಲಿತ್ತು. ಅಂಥದೇ ಮನೆಯನ್ನು ಊರಿನವರು 2 ಸಾವಿರ ಡಾಲರಿಗೆ ಕಟ್ಟಿದ್ದರು. ಬಂದು ಹೋದವರ ಬದುಕು ಬದಲಾಯಿತೇ ಎಂದು ನೋಡಿದರೆ ಅದೂ ಅಷ್ಟಕ್ಕಷ್ಟೇ.

ಹಣಕ್ಕಿಂತ ದೊಡ್ಡ ವಿಷಯ ಮಗುವಿನ ಮನಸ್ಸು. 2010ರಲ್ಲಿ ಲಿಂಡಾ ರಿಕ್ಟರ್ ಮತ್ತು ಏಮಿ ನಾರ್ಮನ್ ‘ಏಡ್ಸ್ ತಬ್ಬಲಿಗಳ ಪ್ರವಾಸೋದ್ಯಮ’ ಎಂಬ ಕಟುವಾದ ಹೆಸರಿಟ್ಟು ಒಂದು ಲೇಖನ ಪ್ರಕಟಿಸಿದರು. ಅವರ ವಾದ ಹೀಗೆ: ತಾಯಿಯನ್ನು ಕಳೆದುಕೊಂಡ ಎಳೆಯ ಮಗು ಬಂದವರ ಕುತ್ತಿಗೆಗೆ ತಟ್ಟನೆ ಜೋತುಬೀಳುತ್ತದೆ. ಎಷ್ಟು ಪ್ರೀತಿಯ ಮಗು ಎಂದು ಅತಿಥಿ ಕರಗುತ್ತಾನೆ. ನಿಜಕ್ಕೂ ಅದು ಆರೋಗ್ಯದ ಲಕ್ಷಣವಲ್ಲ. ಮನೆಯಲ್ಲಿ ಬೆಳೆದ ಮಗು ಅಪರಿಚಿತರನ್ನು ಕಂಡರೆ ಅಮ್ಮನ ಸೆರಗಿನ ಹಿಂದೆ ಅಡಗುತ್ತದೆ. ಅಡಗಲು ಸೆರಗಿಲ್ಲದ ಮಗು ಸಿಕ್ಕವರನ್ನು ಹಿಡಿಯುತ್ತದೆ. ಎರಡು ವಾರಕ್ಕೆ ಆ ಕೈ ಬಿಟ್ಟುಹೋಗುತ್ತದೆ. ಮುಂದಿನ ತಿಂಗಳು ಇನ್ನೊಂದು ತಂಡ, ಇನ್ನೊಂದು ಕೈ. ಒಮ್ಮೆ ತಬ್ಬಲಿಯಾದ ಮಗುವನ್ನು ವರ್ಷಕ್ಕೆ ಹತ್ತು ಸಲ ತಬ್ಬಲಿ ಮಾಡಿದ ಹಾಗೆ.

ಇದಕ್ಕಿಂತ ಕೆಟ್ಟದ್ದೂ ನಡೆಯಿತು. ನೈರೋಬಿ ಸಮೀಪದ ಒಂದು ಮಕ್ಕಳ ಮನೆಯಲ್ಲಿ ಸ್ವಯಂಸೇವಕನಾಗಿದ್ದ ಒಕ್ಲಹಾಮಾದ ಯುವಕನೊಬ್ಬ ಅಲ್ಲಿನ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದಾನೆಂದು 2015ರಲ್ಲಿ ಅಮೆರಿಕದ ನ್ಯಾಯಾಲಯ ತೀರ್ಮಾನಿಸಿತು. ಮರುವರ್ಷ 40 ವರ್ಷಗಳ ಸೆರೆವಾಸ ವಿಧಿಸಿತು. ಅಪರಿಚಿತರಿಗೆ ಬಾಗಿಲು ತೆರೆದಿಡುವ ಮನೆಯಲ್ಲಿ ಕಾವಲು ಯಾರದು ಎಂಬ ಪ್ರಶ್ನೆ ಆಗ ಜೋರಾಗಿಯೇ ಎದ್ದಿತು.

ಅತಿಥಿಗಳು ಹೆಚ್ಚಿದಂತೆ ಅನಾಥಾಲಯಗಳೂ ಹೆಚ್ಚಿದವು ಎಂಬ ಆರೋಪವೂ ಇದೆ. ಇದನ್ನು ಅರ್ಥಮಾಡಿಕೊಳ್ಳಲು ‘ತಬ್ಬಲಿ’ ಎಂದರೆ ಯಾರು ಎಂದು ಕೇಳಬೇಕು. ವಿಶ್ವಸಂಸ್ಥೆಯ ಲೆಕ್ಕದಲ್ಲಿ ತಂದೆ ತಾಯಿಗಳಲ್ಲಿ ಒಬ್ಬರು ಸತ್ತರೂ ಮಗು ತಬ್ಬಲಿಯೇ. ಕನ್ನಡಿಗರಿಗೆ ಇದು ಹೊಸದೇನಲ್ಲ. ಗೋವಿನ ಹಾಡಿನ ಕರುವಿನ ಗೋಳು ತಾಯಿಗಾಗಿ, ಅಪ್ಪನ ಮಾತೇ ಅಲ್ಲಿ ಬರುವುದಿಲ್ಲ. 2003ರ ಹೊತ್ತಿಗೆ ಏಡ್ಸ್‌ನಿಂದ ಹೀಗೆ ತಬ್ಬಲಿಗಳಾದ ಮಕ್ಕಳು ಜಗತ್ತಿನಲ್ಲಿ ಒಂದೂವರೆ ಕೋಟಿ, ಅದರಲ್ಲಿ 1 ಕೋಟಿ 23 ಲಕ್ಷ ಸಹಾರಾದ ಕೆಳಗಿನ ಆಫ್ರಿಕಾದಲ್ಲಿ ಎಂದು ವಿಶ್ವಸಂಸ್ಥೆಯ ಅಂದಾಜು. ಈ ಸಂಖ್ಯೆ ಓದಿದ ಪಶ್ಚಿಮದ ಓದುಗ ಯಾರೂ ದಿಕ್ಕಿಲ್ಲದ ಒಂದೂವರೆ ಕೋಟಿ ಮಕ್ಕಳನ್ನು ಕಲ್ಪಿಸಿಕೊಂಡ. ವಾಸ್ತವದಲ್ಲಿ ಅವರಲ್ಲಿ ಬಹುಪಾಲು ಮಕ್ಕಳಿಗೆ ತಾಯಿಯೋ ತಂದೆಯೋ ಇದ್ದರು. ಇಬ್ಬರೂ ಇಲ್ಲದವರಿಗೆ ಅಜ್ಜಿಯೋ ದೊಡ್ಡಮ್ಮನೋ ಇದ್ದರು. ಇಲ್ಲದಿದ್ದುದು ಶಾಲೆಯ ಸಮವಸ್ತ್ರಕ್ಕೆ, ಬಸ್ಸಿಗೆ, ಮದ್ದಿಗೆ ದುಡ್ಡು. ಆ ದುಡ್ಡು ಅಜ್ಜಿಗೆ ಸಿಗಲಿಲ್ಲ. ಅನಾಥಾಲಯಕ್ಕೆ ಸಿಕ್ಕಿತು. ಮಗುವನ್ನು ಅಲ್ಲಿ ಬಿಟ್ಟರೆ ಊಟ, ಶಾಲೆ ಸಿಗುತ್ತದೆ ಎಂದಾದಾಗ ಬಡವರು ಬಿಟ್ಟರು.

ಶೋಶೋಗಳ ಹಳ್ಳಿ

ನ್ಯುಂಬಾನಿಯವರಿಗೆ ಈ ಸತ್ಯ ಬೇಗನೆ ಹೊಳೆದಿರಬೇಕು. 1998ರಲ್ಲೇ ಅವರು ನೈರೋಬಿಯ ಕೊಳೆಗೇರಿಗಳಲ್ಲಿ ‘ಲೇಯಾ ತೋತೋ’ ಎಂಬ ಕೆಲಸ ಆರಂಭಿಸಿದರು. ಸ್ವಾಹಿಲಿಯಲ್ಲಿ ಅದಕ್ಕೆ ಮಗುವನ್ನು ಸಾಕು ಎಂಬರ್ಥ. ಸೋಂಕಿತ ಮಗುವನ್ನು ತಮ್ಮ ಮನೆಗೆ ತರುವ ಬದಲು ಅದು ಇರುವ ಮನೆಗೇ ದಾದಿ, ಔಷಧಿ, ಹಿಟ್ಟು ಕಳುಹಿಸುವುದು. ಕಟ್ಟಡದಲ್ಲಿ ನೂರು ಮಕ್ಕಳಿದ್ದರೆ ಹೀಗೆ ಸಾವಿರಗಟ್ಟಲೆ ಮಕ್ಕಳನ್ನು ಮುಟ್ಟಬಹುದಿತ್ತು. ಫೋಟೋದಲ್ಲಿ ಮಾತ್ರ ಅದು ಅಷ್ಟು ಚೆನ್ನಾಗಿ ಬರುವುದಿಲ್ಲ. ಅನಾಥಾಲಯದ ಬೋರ್ಡು, ಸಾಲಾಗಿ ನಿಂತ ಮಕ್ಕಳು ದಾನಿಯ ಕಣ್ಣಿಗೆ ಕಾಣುವಂತೆ ತಗಡಿನ ಗುಡಿಸಲಿನಲ್ಲಿ ಕೂತ ದೊಡ್ಡಮ್ಮ ಕಾಣುವುದಿಲ್ಲ.

ಇನ್ನೊಂದು ಪ್ರಯೋಗ ಕಿಟುಯಿ ಎಂಬಲ್ಲಿ. ನೈರೋಬಿಯ ಪೂರ್ವಕ್ಕೆ, ಕಾಂಬಾ ಜನರ ಒಣನಾಡು ಅದು. ನಮ್ಮ ಬಯಲುಸೀಮೆಯವರಿಗೆ ಅಪರಿಚಿತವೆನಿಸದ ಭೂಮಿ: ಕೆಂಪು ಮಣ್ಣು, ಮುಳ್ಳುಮರ, ಮಳೆ ಬಂದಾಗ ಮಾತ್ರ ಹರಿಯುವ ಮರಳು ಹಳ್ಳ. ಅಲ್ಲಿ ಸಾವಿರ ಎಕರೆಯಲ್ಲಿ 2006ರಲ್ಲಿ ನ್ಯುಂಬಾನಿ ಹಳ್ಳಿ ಆರಂಭವಾಯಿತು. ಏಡ್ಸ್ ನಡುವಯಸ್ಸಿನವರನ್ನು ಕೊಂದು ಎರಡು ತುದಿಗಳನ್ನು ಉಳಿಸಿತ್ತು. ಮಕ್ಕಳನ್ನು ಕಳೆದುಕೊಂಡ ಮುದುಕಿಯರು ಒಂದು ಕಡೆ, ಹೆತ್ತವರನ್ನು ಕಳೆದುಕೊಂಡ ಮಕ್ಕಳು ಇನ್ನೊಂದು ಕಡೆ. ಇವರನ್ನು ಒಂದೇ ಸೂರಿನಡಿ ಸೇರಿಸುವುದು ಹಳ್ಳಿಯ ಯೋಜನೆ. ಕೆನ್ಯಾದ ಆಡುಮಾತಿನಲ್ಲಿ ಅಜ್ಜಿಗೆ ‘ಶೋಶೋ’ ಎನ್ನುತ್ತಾರೆ. ಒಬ್ಬ ಶೋಶೋಗೆ ಹತ್ತರಷ್ಟು ಮಕ್ಕಳು, ಅವರಲ್ಲಿ ಸಾಧ್ಯವಾದಷ್ಟು ಆಕೆಯ ಸ್ವಂತ ಮೊಮ್ಮಕ್ಕಳು, ಉಳಿದವರು ಬೇರೆಯವರ ಮಕ್ಕಳು. ನೂರು ಅಜ್ಜ ಅಜ್ಜಿಯರು, ಸಾವಿರ ಮಕ್ಕಳು ಎಂಬುದು ಗುರಿ. ಮರಳು ಹಳ್ಳಗಳಿಗೆ ಅಡ್ಡಲಾಗಿ ಒಡ್ಡು ಕಟ್ಟಿ, ಮರಳಿನೊಳಗೆ ನೀರು ನಿಲ್ಲಿಸಿ, ತರಕಾರಿ ಬೆಳೆಯುತ್ತಾರೆ. ಮುಂದೆ ಕಡಿದು ಮಾರಬಹುದಾದ ದಿಮ್ಮಿ ಮರಗಳನ್ನು ನೆಟ್ಟಿದ್ದಾರೆ. ದಾನಿಗಳು ಕೈಬಿಟ್ಟರೂ ಹಳ್ಳಿ ನಡೆಯಬೇಕು ಎಂಬ ದೂರಾಲೋಚನೆ.

ಹಳ್ಳಿ ಕಣ್ಣುಬಿಟ್ಟ ವರ್ಷವೇ, 2006ರ ನವೆಂಬರ್ 20ರಂದು, ಫಾದರ್ ಡ್ಯಾಗ್ ನೈರೋಬಿಯಲ್ಲಿ ತೀರಿಕೊಂಡರು. ಎಂಬತ್ತು ವರ್ಷವಾಗಿತ್ತು. ಸಿಸ್ಟರ್ ಮೇರಿ ಓವೆನ್ಸ್ ಹೊಣೆ ಹೊತ್ತರು.

ಆಮೇಲೆ ಬಂದದ್ದು ಯಾರೂ ಎಣಿಸಿರದ ಸಮಸ್ಯೆ. ಐದು ವರ್ಷ ಬದುಕಿದರೆ ಹೆಚ್ಚು ಎಂದುಕೊಂಡಿದ್ದ ಮಕ್ಕಳಿಗೆ ಮೀಸೆ ಬಂತು. ಪ್ರಾಯಕ್ಕೆ ಬಂದವರು ದಿನಾ ಮಾತ್ರೆ ಏಕೆ ನುಂಗಬೇಕೆಂದು ಹಟ ಹಿಡಿದರು. ಪ್ರೀತಿ, ಮದುವೆ, ಕೆಲಸ ಎಂದರು. ಕೆಲಸ ಹಿಡಿದರು, ಕಾಲೇಜಿಗೆ ಹೋದರು. ಮಕ್ಕಳ ಮನೆಯೊಂದು ಬೆಳೆದ ಮಕ್ಕಳನ್ನು ಊರಿಗೆ ಮರಳಿಸುವ ದಾರಿ ಹುಡುಕಬೇಕಾಯಿತು. ಕೆನ್ಯಾ ಸರ್ಕಾರವೂ 2017ರಲ್ಲಿ ಹೊಸ ಮಕ್ಕಳ ಮನೆಗಳ ನೋಂದಣಿಯನ್ನು ತಡೆಹಿಡಿಯಿತು. 2022ರಲ್ಲಿ ಹತ್ತು ವರ್ಷದ ಒಂದು ಕಾರ್ಯತಂತ್ರ ಪ್ರಕಟಿಸಿ, ಮಕ್ಕಳನ್ನು ಸಂಸ್ಥೆಗಳಿಂದ ಕುಟುಂಬಗಳಿಗೆ ಮರಳಿಸುವುದೇ ಗುರಿಯೆಂದಿತು. ನ್ಯುಂಬಾನಿಯಂಥ ಸಂಸ್ಥೆಗಳಿಗೂ ಈ ಮಾತು ಅನ್ವಯಿಸುತ್ತದೆ. ಮನೆ ಎಂಬ ಹೆಸರಿದ್ದರೂ ಅದು ಮನೆಯಲ್ಲ ಎಂದು ಸರ್ಕಾರ ಹೇಳಿದಂತಾಯಿತು. ಎಚ್‌ಐವಿ ಇರುವ ಮಗುವನ್ನು ಇಂದಿಗೂ ಹಿಂಜರಿಕೆಯಿಲ್ಲದೆ ಸೇರಿಸಿಕೊಳ್ಳುವ ಕುಟುಂಬಗಳು ಎಷ್ಟು ಎಂಬ ಪ್ರಶ್ನೆಗೆ ಕಾರ್ಯತಂತ್ರದ ಕಾಗದದಲ್ಲಿ ಸುಲಭ ಉತ್ತರವಿಲ್ಲ.

ಇದರ ನಡುವೆಯೇ 2025ರ ಜನವರಿ 20ರಂದು ಅಮೆರಿಕದ ಹೊಸ ಆಡಳಿತ ವಿದೇಶಿ ನೆರವನ್ನೆಲ್ಲ 90 ದಿನಗಳ ಮಟ್ಟಿಗೆ ತಡೆಹಿಡಿಯಿತು. ಜೀವ ಉಳಿಸುವ ಔಷಧಿಗಳಿಗೆ ವಿನಾಯಿತಿ ಎಂದು ಆಮೇಲೆ ಹೇಳಿತಾದರೂ ಕೆನ್ಯಾದ ಅನೇಕ ಚಿಕಿತ್ಸಾಲಯಗಳಲ್ಲಿ ಸಿಬ್ಬಂದಿ ಮನೆಗೆ ಹೋಗಿ ಆಗಿತ್ತು. ಔಷಧಿಗಳ ಬಹುಪಾಲು ಅಮೆರಿಕದ ಹಣದಿಂದಲೇ ಬರುತ್ತಿದ್ದುದರಿಂದ ನ್ಯುಂಬಾನಿಯಲ್ಲೂ ಆತಂಕ ಶುರುವಾಯಿತು. ಜುಲೈ 1ರಂದು ಅಮೆರಿಕದ ನೆರವು ಸಂಸ್ಥೆ ಯುಎಸ್‌ಎಯ್ಡ್ ಅಧಿಕೃತವಾಗಿ ಮುಚ್ಚಿತು.

ಈ ಮಾತ್ರೆಯ ಗುಣವೆಂದರೆ ದಿನವೂ ತಪ್ಪದೆ ತೆಗೆದುಕೊಂಡರೆ ವೈರಸ್ ಅಡಗಿ ಕೂರುತ್ತದೆ. ಬಿಟ್ಟರೆ ಕೆಲವೇ ವಾರಗಳಲ್ಲಿ ಮತ್ತೆ ತಲೆ ಎತ್ತುತ್ತದೆ. ತೆಗೆದುಕೊಂಡು ಬಿಟ್ಟು, ಮತ್ತೆ ತೆಗೆದುಕೊಂಡು ಬಿಟ್ಟರೆ ಮಾತ್ರೆಗೇ ಬಗ್ಗದ ವೈರಸ್ ಹುಟ್ಟುತ್ತದೆ. ಆದ್ದರಿಂದ ತಿಂಗಳ ಔಷಧಿ ತಿಂಗಳಿಗೆ ಬರಬೇಕು. ಅದನ್ನು ದಿನವೂ ಅದೇ ಹೊತ್ತಿಗೆ ಮಗುವಿನ ಕೈಗೆ ಕೊಟ್ಟು, ನುಂಗಿತೇ ಎಂದು ಬಾಯಿ ತೆರೆಸಿ ನೋಡುವ ಒಬ್ಬರು ಆ ಮನೆಯಲ್ಲಿ ಇರಬೇಕು. ಕೊಳೆಗೇರಿಯ ಕೋಣೆಗಳಲ್ಲಿ, ಕಿಟುಯಿಯಂಥ ಒಣನಾಡಿನ ಹಳ್ಳಿಗಳಲ್ಲಿ ಸಾಮಾನ್ಯವಾಗಿ ಆ ಕೆಲಸ ಅಜ್ಜಿಯದು.